ಮೊದಲು ಅದು ನೋಡಲಿ: ಪಟ್ಟಣದ ಮನೆಯಲ್ಲಿ ಮುಧೋಳ ನಾಯಿ ಸಾಕುವ ಬಗೆ

ವಿದ್ಯುತ್ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೈನ್‌ಮನ್ ಆಗಿದ್ದವನು ನಾನು, ಬಹುಪಾಲು ಮುಧೋಳ ತಾಲ್ಲೂಕಿನಲ್ಲಿ. ಕಂಬ ಹತ್ತುವುದಕ್ಕಿಂತ ಪರರ ಅಂಗಳಕ್ಕೆ ಕಾಲಿಡುವುದೇ ಈ ಕೆಲಸದಲ್ಲಿ ಕಷ್ಟ. ನನ್ನ ಮೀನಖಂಡದ ಮೇಲೆ ಮೂರು ಕಡಿತದ ಗುರುತುಗಳಿವೆ. ಎರಡು ಬೀದಿನಾಯಿಗಳವು, ಒಂದು ಮೊಣಕಾಲೆತ್ತರವೂ ಇಲ್ಲದ ಪಾಮೆರೇನಿಯನ್‌ನದು. ಮುಧೋಳ ನಾಯಿಯದು ಒಂದೂ ಇಲ್ಲ. ನಿವೃತ್ತನಾಗಿ ಧಾರವಾಡಕ್ಕೆ ಬಂದ ಮೇಲೆ ನಾನೇ ಎರಡು ಮುಧೋಳ ನಾಯಿ ಸಾಕಿದೆ. ಮೊದಲನೆಯದನ್ನು ಕೆಡಿಸಿದೆ. ಎರಡನೆಯದು ಈಗ ಹೊಸ್ತಿಲ ಆಚೆ ಮಲಗಿದೆ. ಮರಿ ತರಬೇಕೆಂದು ವಿಚಾರಿಸಿಕೊಂಡು ಬರುವವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1989ರ ಬೇಸಿಗೆ. ಹಲಗಲಿಯ ಒಂದು ಮನೆಗೆ ಮೀಟರ್ ನೋಡಲು ಹೋಗಿದ್ದೆ. ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೇವಿನ ಮರದ ಕೆಳಗೆ ಕಂದು ಬಣ್ಣದ ನಾಯಿಯೊಂದು, ಕಟ್ಟಿರಲಿಲ್ಲ. ಬೊಗಳಲಿಲ್ಲ, ಏಳಲೂ ಇಲ್ಲ. ಕತ್ತು ಮಾತ್ರ ನೆಟ್ಟಗಾಯಿತು. "ಅಲ್ಲೇ ನಿಲ್ಲು ತಮ್ಮಾ, ಮೊದಲು ಅದು ನೋಡಲಿ" ಎಂದಳು ಅಜ್ಜಿ, ಕೈಯ ರೊಟ್ಟಿ ಬಿಡದೆ. ನಿಂತೆ. ಅದು ನನ್ನ ಚಪ್ಪಲಿಯಿಂದ ಕೈಯಲ್ಲಿದ್ದ ಟೆಸ್ಟರ್‌ವರೆಗೆ ಒಮ್ಮೆ ನೋಡಿತು, ಮೋರೆ ತಿರುಗಿಸಿತು, ಗದ್ದವನ್ನು ಮುಂಗಾಲ ಮೇಲೆ ಇಟ್ಟಿತು. "ಈಗ ಹೋಗು" ಎಂದಳು. ಈ ನಾಯಿಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅಂದೇ ಕಲಿತದ್ದು. ಇದು ಮೂಗಿಗಿಂತ ಕಣ್ಣನ್ನು ನಂಬುವ ಪ್ರಾಣಿ. ನೋಡಿ ತೀರ್ಮಾನಿಸಲು ಅದಕ್ಕೆ ದೂರ ಬೇಕು, ಒಂದು ಗಳಿಗೆಯೂ ಬೇಕು. ಎರಡನ್ನೂ ಕೊಟ್ಟರೆ ಹಲಗಲಿಯ ನಾಯಿ ನಿಮ್ಮ ಮನೆಯಲ್ಲೂ ಇರುತ್ತದೆ. ಕಿತ್ತುಕೊಂಡರೆ ಒಂದೋ ನಡುಗುವ ನಾಯಿ, ಇಲ್ಲವೇ ಕಚ್ಚುವ ನಾಯಿ.

ಮರಿ ತರುವ ಮೊದಲು ಅದರ ಹಿರಿಯರು ಏನು ಕೆಲಸ ಮಾಡಿದವರೆಂದು ತಿಳಿದಿರಿ. ಸಲೂಕಿ, ಗ್ರೇಹೌಂಡ್ ಎಂಬ ಓಟದ ಬೇಟೆನಾಯಿಗಳ ಹಾಗೆ ಉದ್ದ ಕಾಲು, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ವರ್ತಕರ ತಂಡಗಳ ಜೊತೆ ದಖನ್ನಿಗೆ ಬಂದ ತಳಿ ಎಂಬ ಮಾತಿದೆ. ಮಹಾರಾಷ್ಟ್ರದವರು ಕಾರವಾನಿ ಎನ್ನುತ್ತಾರೆ, ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಅದು ಕ್ಯಾರವಾನ್ ಹೌಂಡ್. ನಮ್ಮ ಕಡೆ ಬೇಡರು ಇದನ್ನು ಮೊಲದ ಬೇಟೆಗೆ ಸಾಕುತ್ತಿದ್ದರು. ಅವರ ಬಳಿ ಇದ್ದ ನಾಯಿಗಳನ್ನು ಗಮನಿಸಿ, ಆರಿಸಿ, ತಳಿ ಬೆಳೆಸಿದವರು ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರಂತೆ. ರನ್ನನ ಊರಿನ ಹೆಸರು ಹೀಗೆ ನಾಯಿಗೂ ಅಂಟಿಕೊಂಡಿತು.

ಆಮೇಲಿನ ಬದಲಾವಣೆಯನ್ನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ನನ್ನ ಕೈವಾಡವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು, ಆದರೂ ಬಯಲು ಬಯಲಾಗಿಯೇ ಇತ್ತು. ಜೋಳ ಕೊಯ್ದ ಎರೆಹೊಲದಲ್ಲಿ ನಾಯಿಗೆ ಫರ್ಲಾಂಗು ದೂರದ ಕದಲಿಕೆಯೂ ಕಾಣುತ್ತಿತ್ತು. ಘಟಪ್ರಭೆಯ ನೀರು ಹೊಲಗಳಿಗೆ ಹತ್ತಿತು, ಪಂಪ್‌ಸೆಟ್ ಬಂದವು, ಕಬ್ಬು ಬಂತು. ಆ ಪಂಪ್‌ಸೆಟ್‌ಗಳಿಗೆ ತಂತಿ ಎಳೆದವರಲ್ಲಿ ನಾನೂ ಒಬ್ಬ. ಆಳೆತ್ತರದ ಕಬ್ಬಿನ ನಡುವೆ ಕಣ್ಣಿನ ನಾಯಿಗೆ ಏನು ಕಂಡೀತು? ಓಡುತ್ತಿದ್ದದ್ದು ತೋಟದ ಮನೆಯ ಕಾವಲಿಗೆ ಕೂತಿತು. ಮೊದಲು ಬೊಗಳದಿದ್ದದ್ದು ಬೊಗಳಲು ಕಲಿಯಿತು, ಏಕೆಂದರೆ ಬೊಗಳುವ ಮರಿಗೇ ರೈತ ರೊಟ್ಟಿ ಹಾಕಿದ, ಅದರ ಸಂತಾನವನ್ನೇ ಬೆಳೆಸಿದ.

ಈಗ ಮೂರನೆಯ ಕಾಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ವಾಯುಪಡೆಯೂ ರನ್‌ವೇ ಮೇಲಿನ ಹಕ್ಕಿ ಓಡಿಸಲು ತೆಗೆದುಕೊಂಡಿತು, ಅದು ಈ ನಾಯಿಗೆ ಹೇಳಿ ಮಾಡಿಸಿದ ಕೆಲಸ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ಬಾನುಲಿ ಭಾಷಣದಲ್ಲಿ ಇದರ ಹೆಸರು ಹೇಳಿದ ಮೇಲೆ ಅಪಾರ್ಟ್‌ಮೆಂಟಿನವರೂ ಕೇಳತೊಡಗಿದರು. ಮೂರನೆಯ ಮಹಡಿಯಲ್ಲಿ, ಬಾಲ್ಕನಿಯೊಂದನ್ನೇ ನಂಬಿ ಸಾಕುವವರಿಗೆ ನನ್ನ ಉತ್ತರ ಒಂದೇ: ಬೇಡ.

ಅಂಗಳ ಇದ್ದವರು ಮುಂದೆ ಓದಬಹುದು.

ಮರಿಯನ್ನು ತಾಯಿಯ ಜೊತೆ ನೋಡದೆ ಕೊಳ್ಳಬೇಡಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಸುತ್ತಲಿನ ಹಳ್ಳಿಗಳಲ್ಲಿ ಸಾಕುವ ರೈತರೂ ಇದ್ದಾರೆ. ಎಲ್ಲಿಗೆ ಹೋದರೂ ಮೊದಲು ತಾಯಿಯ ಮುಂದೆ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿ. ಅದು ನೋಡಿ ಸುಮ್ಮನಾದರೆ ಒಳ್ಳೆಯದು. ಬಾಲ ಮುದುರಿ ಮೂಲೆ ಸೇರಿದರೆ ಆ ಮನೆಯ ಮರಿ ಬೇಡ, ಎಷ್ಟೇ ಚೆಂದವಿದ್ದರೂ. ಮರಿಗಳಲ್ಲಿ ಮೈಮೇಲೆ ಹಾರಿ ಬರುವುದನ್ನೂ ಬಿಡಿ, ಹಿಂದೆ ಅಡಗುವುದನ್ನೂ ಬಿಡಿ. ನಡುವೆ ನಿಂತು ನಿಮ್ಮನ್ನು ಅಳೆಯುತ್ತಿರುತ್ತದಲ್ಲ, ಅದು ನಿಮ್ಮದು. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ.

ಮುಂದಿನ ಆರು ವಾರ ಎಲ್ಲಕ್ಕಿಂತ ಮುಖ್ಯ. ನನ್ನ ಮೊದಲ ನಾಯಿ ಬಿಜಲಿಯನ್ನು ಕೆಡಿಸಿದ್ದು ಈ ಅವಧಿಯಲ್ಲೇ. ಲಸಿಕೆ ಮುಗಿಯುವವರೆಗೆ ಹೊರಗೆ ತರಬಾರದೆಂದು ಮೆಟ್ಟಿಲ ಕೆಳಗೆ ಕಟ್ಟಿಬಿಟ್ಟೆ. ಅದಕ್ಕೆ ಕಂಡದ್ದು ಜನರ ಪಾದಗಳು ಮಾತ್ರ, ಅವೂ ದಿಢೀರನೆ, ಒಂದು ಗೇಣು ದೂರದಲ್ಲಿ. ಒಂದೂವರೆ ವರ್ಷವಾದಾಗ ಹಾಲು ಹಾಕುವ ಹುಡುಗನ ಮುಂಗೈಯನ್ನು ಕಚ್ಚಿತು. ತಪ್ಪು ಅವನದೂ ಅಲ್ಲ, ನಾಯಿಯದೂ ಅಲ್ಲ. ಅವನನ್ನು ಆಸ್ಪತ್ರೆಗೆ ಕರೆದೊಯ್ದು ಚುಚ್ಚುಮದ್ದು ಹಾಕಿಸಿ ಬಂದ ರಾತ್ರಿ ನನ್ನ ಹೆಂಡತಿ, "ಕರೆಂಟಿನವರು ನಾಯಿಗೆ ಬಿಜಲಿ ಎಂದು ಹೆಸರಿಟ್ಟರೆ ಇನ್ನೇನಾಗುತ್ತದೆ" ಎಂದಳು. ಎರಡನೆಯದಕ್ಕೆ ಅವಳೇ ಶಾಂತಿ ಎಂದು ಹೆಸರಿಟ್ಟಳು.

ಶಾಂತಿಯನ್ನು ನೆಲಕ್ಕೆ ಬಿಡದೆ, ಕಂಕುಳಲ್ಲಿ ಎತ್ತಿಕೊಂಡೇ ಊರು ತೋರಿಸಿದೆ. ಬಸ್ ನಿಲ್ದಾಣದ ಎದುರಿನ ಕಟ್ಟೆ, ಶಾಲೆ ಬಿಡುವ ಹೊತ್ತು, ಮಾರುಕಟ್ಟೆ, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರು. ದಿನಕ್ಕೆ ಕಾಲು ಗಂಟೆ, ಯಾವಾಗಲೂ ಸ್ವಲ್ಪ ದೂರದಿಂದ. ಯಾರಾದರೂ ಮುದ್ದಿಸಲು ಬಂದರೆ ಹಿಂದೆ ಸರಿಯುತ್ತಿದ್ದೆ. ಜನ ನನ್ನನ್ನು ಒರಟ ಎಂದುಕೊಂಡಿರಬೇಕು, ಎಂದುಕೊಳ್ಳಲಿ. ನೆತ್ತಿಯ ಮೇಲೆ ಅಪರಿಚಿತ ಕೈ ಇಳಿಯುವುದನ್ನು ಈ ತಳಿ ಸಹಿಸುವುದಿಲ್ಲ. ಮನೆಗೆ ಬರುವವರಿಗೆ ಇಂದಿಗೂ ಅಜ್ಜಿಯ ಮಾತನ್ನೇ ಹೇಳುತ್ತೇನೆ: ಗೇಟಿನ ಒಳಗೆ ಎರಡು ಹೆಜ್ಜೆ ಇಟ್ಟು ನಿಲ್ಲಿ, ಕರೆಯಬೇಡಿ, ಕೈ ಚಾಚಬೇಡಿ. ಮೂಸಲು ತಾನಾಗಿ ಬಂದರೆ ಸರಿ, ಬಾರದಿದ್ದರೂ ಸರಿ.

ಲಸಿಕೆಯ ಪಟ್ಟಿಯನ್ನು ಪಶುವೈದ್ಯರು ಕೊಡುತ್ತಾರೆ, ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ್ದನ್ನು ಮರೆಯಬೇಡಿ.

ಸರಪಳಿ ಬೇಡ. ಆರಡಿ ಎತ್ತರದ ಕಂಪೌಂಡ್ ಕಟ್ಟಿಸಿ, ನಾಲ್ಕಡಿಯದನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಧಾರಣ ಕೊರಳಪಟ್ಟಿಯೂ ಬೇಡ. ಇದರ ತಲೆ ಕೊರಳಿಗಿಂತ ಸಪೂರ, ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಕೈಗೆ ಬರುತ್ತದೆ. ನನಗೆ ಹಾಗೆ ಬಂದದ್ದು ನಡುರಸ್ತೆಯಲ್ಲಿ, ಎದುರಿಗೆ ಬೆಕ್ಕು ದಾಟಿದಾಗ. ಮೂರು ಬೆರಳಗಲದ, ಎಳೆದಾಗ ಅಳತೆಯಷ್ಟೇ ಬಿಗಿಯುವ ಪಟ್ಟಿಯನ್ನು ಚಮ್ಮಾರರ ಬಳಿ ಹೊಲಿಸಿ. ಗೋಡೆಯಿರುವ ಮೈದಾನದಲ್ಲಲ್ಲದೆ ಎಲ್ಲೂ ಬಿಚ್ಚಬೇಡಿ. ಓಟಕ್ಕೆ ಬಿದ್ದ ಮುಧೋಳ ನಾಯಿಗೆ ಕಿವಿ ಇರುವುದಿಲ್ಲ, ನೀವು ಗಂಟಲು ಹರಿದುಕೊಂಡರೂ ಅಷ್ಟೇ. ಕೋಳಿ, ಬೆಕ್ಕು ಇರುವ ಮನೆಯಾದರೆ ಮರಿಯಿದ್ದಾಗಿನಿಂದ ಜೊತೆಗೇ ಬೆಳೆಸಿ, ಆದರೂ ಅವುಗಳ ಜೊತೆ ನಾಯಿಯೊಂದನ್ನೇ ಬಿಟ್ಟು ಹೋಗಬೇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಹತ್ತು ನಿಮಿಷದ ಓಟ ಸಾಕು, ದಿನದ ಉಳಿದ ಹೊತ್ತು ಅದು ಶುದ್ಧ ಸೋಮಾರಿ.

ಹೊಡೆಯಬೇಡಿ, ಕೂಗಬೇಡಿ. ಒಮ್ಮೆ ಚಪ್ಪಲಿ ಕಡಿದದ್ದಕ್ಕೆ ಗದರಿದೆ, ಶಾಂತಿ ಎರಡು ದಿನ ನನ್ನ ಕಡೆ ನೋಡಲಿಲ್ಲ. ಹೆಂಡತಿಯ ಕೈಯಿಂದ ಮಾತ್ರ ಉಂಡಿತು.

ಊಟ ಸುಲಭ. ನಮ್ಮಲ್ಲಿ ಬೆಳಿಗ್ಗೆ ಮಜ್ಜಿಗೆ ಬೆರೆಸಿದ ಜೋಳದ ನುಚ್ಚು ಮತ್ತು ಬೇಯಿಸಿದ ಮೊಟ್ಟೆ, ಸಂಜೆ ಹಾಲಿನಲ್ಲಿ ನೆನೆಸಿದ ರೊಟ್ಟಿ, ವಾರಕ್ಕೆ ಮೂರು ದಿನ ಮೂಳೆ ತೆಗೆದ ಕೋಳಿ. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ಹಾಕಲೇಬೇಡಿ. ಆಳವಾದ ಎದೆಯ ನಾಯಿಯಾದ್ದರಿಂದ ಉಂಡ ಮೇಲೆ ಒಂದು ಗಂಟೆಯಾದರೂ ಓಡಿಸಬಾರದು, ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಜೀವಕ್ಕೇ ಅಪಾಯ. ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಆರೋಗ್ಯವಾಗಿದೆ ಎಂದರ್ಥ. ನೆರೆಮನೆಯವರು "ಪಾಪ, ಉಪವಾಸ ಕೆಡವಿದ್ದೀರಿ" ಎನ್ನುತ್ತಾರೆ. ಅನ್ನಲಿ.

ಕೊನೆಯದಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಇದು ಗ್ರೇಹೌಂಡ್ ಜಾತಿಯ ನಾಯಿ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ, ಮೈ ಬೇಗ ತಣ್ಣಗಾಗುತ್ತದೆ. ಶಾಂತಿಯನ್ನು ಆಟೋದಲ್ಲಿ ಕರೆತಂದಾಗ ನನ್ನ ಹಳೆಯ ಖಾಕಿ ಸ್ವೆಟರ್ ಹೊದಿಸಿದ್ದೆವು. ಮೊಣಕೈ ಎಲುಬು ಬರಿ ನೆಲಕ್ಕೆ ತಾಗಿ ದಡ್ಡುಗಟ್ಟುತ್ತದೆಂದು ಈಗ ದಪ್ಪ ಕೌದಿ ಹಾಸಿಕೊಟ್ಟಿದ್ದೇವೆ. ಅದನ್ನು ಗೋಡೆಯ ಪಕ್ಕ ಹಾಸಿದರೆ ಹಲ್ಲಿನಲ್ಲಿ ಕಚ್ಚಿ ಎಳೆದು ಗೇಟು ಕಾಣುವ ಜಾಗಕ್ಕೆ ಒಯ್ಯುತ್ತದೆ, ದಿನಾ.