ಆರ್ಥಿಕ ಕುಸಿತದ ಗುರುತನ್ನು ಹಾಡಿನಲ್ಲಿ ಹುಡುಕುವ ಬಗೆ

ಹಣದ ಮುಗ್ಗಟ್ಟು ಜನಪ್ರಿಯ ಸಂಗೀತವನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಹಾಡಿನ ಸಾಹಿತ್ಯವನ್ನು ಹಿಡಿದು ಕೂರುತ್ತಾರೆ. ಬಡತನದ ಮಾತು ಬಂದರೆ ಅದು ಕುಸಿತದ ಹಾಡು, ಬಾರದಿದ್ದರೆ ಅಲ್ಲ ಎಂಬುದು ಅವರ ಲೆಕ್ಕ. ನಾನು ಸೂಚಿಸುವ ಕ್ರಮ ಇದಕ್ಕೆ ತಿರುವುಮುರುವಾದದ್ದು: ಮೊದಲು ಹಾಡಿನ ಬೆಲೆ, ಆಮೇಲೆ ಅದನ್ನು ಕೇಳುತ್ತಿದ್ದ ಜಾಗ, ಸಾಹಿತ್ಯ ಕೊನೆಗೆ. ಒಂದು ನೋಟ್‌ಬುಕ್ಕಿನಲ್ಲಿ ಹಾಡು, ವರ್ಷ, ಬೆಲೆ, ಯಾರು ಕೇಳಿದರು ಎಂದು ನಾಲ್ಕು ಅಂಕಣಗಳನ್ನು ಎಳೆದುಕೊಳ್ಳಿ. ಅಭ್ಯಾಸಕ್ಕೆ 1929ರಲ್ಲಿ ಶುರುವಾದ ಮಹಾ ಕುಸಿತದ ಕಾಲದ ಅಮೆರಿಕವೇ ಸೂಕ್ತ, ಏಕೆಂದರೆ ಆಗಿನ ಧ್ವನಿಮುದ್ರಣಗಳು ಈಗಲೂ ಸುಲಭವಾಗಿ ಕೇಳಲು ಸಿಗುತ್ತವೆ.

ಬೆಲೆಯಿಂದ ಆರಂಭಿಸೋಣ. ಅಮೆರಿಕದಲ್ಲಿ 1927ರಲ್ಲಿ ಸುಮಾರು 10 ಕೋಟಿ ಗ್ರಾಮಫೋನ್ ತಟ್ಟೆಗಳು ಮಾರಾಟವಾಗಿದ್ದವು. 1932ರ ಹೊತ್ತಿಗೆ ಆ ಸಂಖ್ಯೆ 60 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಒಳ್ಳೆಯ ಕಂಪನಿಯ ತಟ್ಟೆಯೊಂದಕ್ಕೆ 75 ಸೆಂಟ್ ಬೆಲೆಯಿದ್ದಾಗ, 1934ರಲ್ಲಿ ಅಮೆರಿಕದಲ್ಲಿ ಕಾಲಿಟ್ಟ ಡೆಕ್ಕಾ ಕಂಪನಿಯು ಬಿಂಗ್ ಕ್ರಾಸ್ಬಿಯಂಥ ಹೆಸರಾಂತ ಗಾಯಕನ ತಟ್ಟೆಯನ್ನೇ 35 ಸೆಂಟಿಗೆ ಮಾರತೊಡಗಿತು. ತಟ್ಟೆ ನುಡಿಸುವ ಪೆಟ್ಟಿಗೆಯಾದ ಜೂಕ್‌ಬಾಕ್ಸಿಗೆ 5 ಸೆಂಟಿನ ನಾಣ್ಯ ಹಾಕಿದರೆ ಒಂದು ಹಾಡು ಕೇಳಬಹುದಿತ್ತು. ರೇಡಿಯೊ ಒಮ್ಮೆ ಮನೆಗೆ ಬಂದರೆ ಆಮೇಲೆ ಹಾಡಿಗೆ ಕಾಸಿಲ್ಲ. ಈ ನಾಲ್ಕು ಬೆಲೆಗಳನ್ನು ಒಂದರ ಕೆಳಗೊಂದು ಬರೆದರೆ, ಜನ ಸಂಗೀತವನ್ನು ಬಿಡಲಿಲ್ಲ, ಕೊಳ್ಳುವುದನ್ನು ಮಾತ್ರ ಬಿಟ್ಟರು ಎಂಬುದು ಕಣ್ಣಿಗೆ ಕಾಣುತ್ತದೆ.

ಆದರೆ ಎಲ್ಲವನ್ನೂ ಕುಸಿತದ ತಲೆಗೆ ಕಟ್ಟಬೇಡಿ. ರೇಡಿಯೊ ಅದಕ್ಕಿಂತ ಮೊದಲೇ ತಟ್ಟೆಯ ಮಾರುಕಟ್ಟೆಗೆ ಕೈಹಾಕಿತ್ತು. ಮೂಕಿ ಚಿತ್ರಗಳಿಗೆ ವಾದ್ಯ ನುಡಿಸಿ ಬದುಕುತ್ತಿದ್ದ ಸಾವಿರಾರು ಕಲಾವಿದರ ಕೆಲಸಕ್ಕೆ 1927ರ ನಂತರ ಬಂದ ಮಾತಿನ ಚಿತ್ರಗಳು ಕುತ್ತು ತಂದವು.

ಇನ್ನು ಜಾಗ. ರೇಡಿಯೊ ಇದ್ದದ್ದು ಮನೆಯ ಕೋಣೆಯಲ್ಲಿ, ಅದರ ಖರ್ಚನ್ನು ಹೊರುತ್ತಿದ್ದುದು ಸೋಪು, ಸಿಗರೇಟಿನಂಥ ಸರಕನ್ನು ಮಾರುವ ಜಾಹೀರಾತುದಾರರು. ಕೇಳುಗರ ಮನಸ್ಸು ಕೆಡಿಸುವ ಹಾಡು ಅವರಿಗೆ ಬೇಕಿರಲಿಲ್ಲ. ಮೈಕ್ರೊಫೋನಿಗೆ ಬಾಯಿ ಹತ್ತಿರ ತಂದು, ಕಿವಿಯಲ್ಲಿ ಹೇಳಿದಂತೆ ಮೆಲ್ಲನೆ ಹಾಡುವ ಶೈಲಿ ಅಲ್ಲಿ ಗೆದ್ದಿತು. 1933ರ ಡಿಸೆಂಬರಿನಲ್ಲಿ ಪಾನನಿಷೇಧ ತೆರವಾದ ಮೇಲೆ ಬಾರುಗಳು ಮತ್ತೆ ತೆರೆದವು, ಜೂಕ್‌ಬಾಕ್ಸುಗಳು ಅವುಗಳೊಳಗೆ ಸೇರಿಕೊಂಡವು. ಆ ಗದ್ದಲದಲ್ಲಿ ಪಿಸುಮಾತು ಯಾರಿಗೂ ಕೇಳಿಸದು. ಕುಣಿಯಲು ಬರುವಂಥ ಗಟ್ಟಿ ತಾಳ ಬೇಕಾಯಿತು. 1935ರ ನಂತರ ಸ್ವಿಂಗ್ ಎಂಬ, ಕುಣಿತಕ್ಕೆ ಒಗ್ಗುವ ಜಾಸ್ ಶೈಲಿಯ ಬ್ಯಾಂಡುಗಳು ಮೇಲೆದ್ದುದರಲ್ಲಿ ಈ 5 ಸೆಂಟಿನ ಪೆಟ್ಟಿಗೆಗೂ ಪಾಲಿದೆ ಎಂದೇ ನನ್ನ ಎಣಿಕೆ.

ಈಗ ಸಾಹಿತ್ಯಕ್ಕೆ ಬನ್ನಿ, ಮತ್ತು ಒಂದೇ ಹಾಡಿನ ಮೇಲೆ ಸಾಕಷ್ಟು ಹೊತ್ತು ನಿಲ್ಲಿ. 1932ರಲ್ಲಿ ಯಿಪ್ ಹಾರ್ಬರ್ಗ್ ಬರೆದು ಜೇ ಗೋರ್ನಿ ಸ್ವರ ಹಾಕಿದ ‘ಬ್ರದರ್, ಕ್ಯಾನ್ ಯೂ ಸ್ಪೇರ್ ಎ ಡೈಮ್?’ (ಅಣ್ಣಾ, ಒಂದು ಡೈಮ್ ಕೊಡಬಲ್ಲೆಯಾ?) ಹಾಡನ್ನು ಕ್ರಾಸ್ಬಿಯ ಧ್ವನಿಯಲ್ಲಿ ಮೂರು ಸಲ ಕೇಳಿ. ಮೊದಲ ಸಲ ಮಾತನ್ನು ಬದಿಗಿಟ್ಟು ರಾಗಕ್ಕಷ್ಟೇ ಕಿವಿಗೊಟ್ಟರೆ, ಆ ಕಾಲದ ಹೆಚ್ಚಿನ ಜನಪ್ರಿಯ ಹಾಡುಗಳಲ್ಲಿಲ್ಲದ ಮೈನರ್ ಶ್ರೇಣಿಯ (ಪಾಶ್ಚಾತ್ಯ ಸಂಗೀತದಲ್ಲಿ ದುಃಖದ ಛಾಯೆ ಕೊಡುವ ಸ್ವರಕ್ರಮ) ಭಾರ ತಿಳಿಯುತ್ತದೆ. ಎರಡನೆಯ ಸಲ ಹಾಡುತ್ತಿರುವವನು ಯಾರೆಂದು ಗಮನಿಸಿ: ರೈಲುಹಳಿ ಹಾಕಿದವನು, ಗೋಪುರ ಕಟ್ಟಿದವನು, ನಡುವಿನ ಭಾಗದಲ್ಲಿ ಸೈನಿಕನಾಗಿ ಹೆಜ್ಜೆ ಹಾಕಿದವನು. ಅವನು ಕರುಣೆ ಬೇಡುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾನೆ. ಅದೇ ವರ್ಷ ಮೊದಲ ಮಹಾಯುದ್ಧದ ಮಾಜಿ ಸೈನಿಕರು ತಮಗೆ ಬರಬೇಕಾದ ಹಣ ಕೇಳಲು ವಾಷಿಂಗ್ಟನ್ನಿಗೆ ಬಂದು, ಸೇನೆಯ ಕೈಯಿಂದಲೇ ಹೊರದಬ್ಬಿಸಿಕೊಂಡಿದ್ದರು. ಮೂರನೆಯ ಸಲ ಕೊನೆಯ ಸಾಲನ್ನು ಕಾಯಿರಿ: ಅಲ್ಲಿಯವರೆಗೆ ‘ಬ್ರದರ್’ ಎಂದಿದ್ದ ಸಂಬೋಧನೆ ‘ಬಡಿ’ (buddy, ಗೆಳೆಯ) ಎಂದು ಬದಲಾಗುತ್ತದೆ, ಎಂದರೆ ಕೈಯೊಡ್ಡಿದವನು ಎದುರಿಗಿರುವವನ ಹಳೆಯ ಗೆಳೆಯ. ಅವನು ಕೇಳಿದ ಡೈಮ್ 10 ಸೆಂಟ್, ಜೂಕ್‌ಬಾಕ್ಸಿನ ಎರಡು ಹಾಡಿನ ಬೆಲೆ.

ವರ್ಷದ ಅಂಕಣವನ್ನು ತುಂಬುವಾಗ ಎಚ್ಚರವಿರಲಿ. ‘ಹ್ಯಾಪಿ ಡೇಸ್ ಆರ್ ಹಿಯರ್ ಎಗೇನ್’ ಕುಸಿತಕ್ಕೆ ಧೈರ್ಯ ತುಂಬಲೆಂದೇ ಹುಟ್ಟಿದ ಹಾಡಿನಂತೆ ಕೇಳಿಸುತ್ತದೆ, ಆದರೆ ಅದು 1929ರದ್ದು, ಕುಸಿತ ಇನ್ನೂ ಆಳಕ್ಕಿಳಿದಿರದ ಕಾಲದ್ದು. 1932ರ ರೂಸ್‌ವೆಲ್ಟ್ ಚುನಾವಣಾ ಪ್ರಚಾರದಲ್ಲಿ ಅದಕ್ಕೆ ಈಗಿನ ಅರ್ಥ ಅಂಟಿಕೊಂಡಿತು.

ಯಾರು ಕೇಳಿದರು ಎಂಬ ಕೊನೆಯ ಅಂಕಣವೇ ಎಲ್ಲಕ್ಕಿಂತ ತೊಡಕಿನದು. ಮಿಸಿಸಿಪ್ಪಿಯ ಗಾಯಕ ಸ್ಕಿಪ್ ಜೇಮ್ಸ್ 1931ರಲ್ಲಿ ವಿಸ್ಕಾನ್ಸಿನ್ನಿನ ಗ್ರಾಫ್ಟನ್‌ಗೆ ಹೋಗಿ, ಪ್ಯಾರಮೌಂಟ್ ಎಂಬ ತಟ್ಟೆ ಕಂಪನಿಗಾಗಿ ಕಷ್ಟಕಾಲದ ಬ್ಲೂಸ್ (ಅಮೆರಿಕದ ಕಪ್ಪುಜನರ ನೋವಿನ ಹಾಡಿನ ಪ್ರಕಾರ) ಹಾಡನ್ನು ಹಾಡಿದ. ಆ ಕಂಪನಿಯ ಒಡೆತನ ಕುರ್ಚಿ ಮಾಡುವವರದ್ದು. ಅವರು ಮರುವರ್ಷವೇ ಧ್ವನಿಮುದ್ರಣ ನಿಲ್ಲಿಸಿದರು. ಇಂದು ಆ ಕಾಲದ ನಿಜವಾದ ದನಿ ಎಂದರೆ ಇದೇ ಎಂದು ಹೇಳುವವರಿದ್ದಾರೆ, ಆದರೆ ಕೊಳ್ಳಬೇಕಾದವರ ಕೈಯಲ್ಲಿ ಕಾಸಿಲ್ಲದ ಆ ವರ್ಷದಲ್ಲಿ ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಅಭಿಮಾನಿಗಳು ಜೇಮ್ಸ್‌ನನ್ನು ಆಸ್ಪತ್ರೆಯೊಂದರಲ್ಲಿ ಪತ್ತೆಹಚ್ಚಿ ಮತ್ತೆ ವೇದಿಕೆಗೆ ತಂದದ್ದು 1964ರಲ್ಲಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಹಾಡಿನ ಮುಂದೆ ವರ್ಷ 1931 ಎಂದು ಬರೆಯಿರಿ; ಯಾರು ಕೇಳಿದರು ಎಂಬಲ್ಲಿ, ಮೂವತ್ತಮೂರು ವರ್ಷಗಳ ನಂತರದವರು ಎಂದು ಬರೆಯಿರಿ.