ಆರ್ಬಿಟಲ್ ಟ್ರಾನ್ಸ್‌ಪೋರ್ಟ್ ಕಟ್ಟಿ, ಅದಕ್ಕೆ ಮೋಟಾರ್ ಹುಡುಕಿದ್ದು

ನಾವು ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾಗ ಪಕ್ಕದ ಮನೆಯ ಅಜ್ಜ ಮನೆ ಖಾಲಿ ಮಾಡುತ್ತಾ ಒಂದು ರಟ್ಟಿನ ಡಬ್ಬ ತಂದುಕೊಟ್ಟರು. ನನ್ನ ಮಗಳಿಗೆ ರಾಕೆಟ್ ಹುಚ್ಚು ಅಂತ ಅವರಿಗೆ ಗೊತ್ತಿತ್ತು. ಡಬ್ಬದಲ್ಲಿ, ನಿಜವಾಗಿ ಹಾರೋ ಪುಟ್ಟ ರಾಕೆಟ್‌ಗಳ ಕಿಟ್ ಮಾಡೋ ಎಸ್ಟೆಸ್ ಕಂಪನಿಯ ಹಳೇ ಕ್ಯಾಟಲಾಗುಗಳು, ಆರ್ಬಿಟಲ್ ಟ್ರಾನ್ಸ್‌ಪೋರ್ಟ್ ಅನ್ನೋ ಕಿಟ್ಟಿನ ಸೂಚನೆ ಹಾಳೆ, ಬೇರೆ ಬೇರೆ ಕಂಪನಿಗಳ ಏಳೆಂಟು ಹಳೇ ಮೋಟಾರು (ಕರಿಮದ್ದು ತುಂಬಿದ ಕಾಗದದ ಕೊಳವೆ, ರಾಕೆಟ್ಟನ್ನು ಮೇಲೆ ತಳ್ಳೋದು ಅದೇ), ಮತ್ತೆ ಉರಿದು ಖಾಲಿಯಾದ ಬಿ14 ಅನ್ನೋ ಒಂದು ಮೋಟಾರು ಇತ್ತು. ಅವರು ಹುಡುಗನಾಗಿದ್ದಾಗ ಹಾರಿಸಿದ್ದ ಮೋಟಾರು ಅದು. ಖಾಲಿ ಕಾಗದದ ಕೊಳವೆಯನ್ನು ಅಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದರು ಅಂತ ಆಗ ನನಗೆ ತಿಳಿದಿರಲಿಲ್ಲ.

ಆರ್ಬಿಟಲ್ ಟ್ರಾನ್ಸ್‌ಪೋರ್ಟ್ 1970ರ ಆಸುಪಾಸಿನ ಕಿಟ್. ದೊಡ್ಡ ರಾಕೆಟ್ಟಿನ ಬೆನ್ನ ಮೇಲೆ ಒಂದು ಪುಟ್ಟ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕೂತು ಮೇಲೆ ಹೋಗುತ್ತದೆ. ಮೇಲೆ ಪ್ಯಾರಾಚೂಟ್ ಹೊರಬೀಳೋ ಹೊತ್ತಿಗೆ ಗ್ಲೈಡರ್ ಕಳಚಿಕೊಂಡು ತಾನೇ ತೇಲಿ ಬರುತ್ತದೆ. ಆಮೇಲೆ ಎಸ್ಟೆಸ್‌ನವರು ಇದೇ ಕಿಟ್ಟನ್ನು ಮತ್ತೆ ಮಾರಿದ್ದಾರೆ. ಆದರೆ ನಮಗೆ ಬೇಕಿದ್ದದ್ದು ಅಜ್ಜ ಪೆನ್ಸಿಲ್ ಗೆರೆ ಎಳೆದಿದ್ದ ಆ ಹಾಳೆಯಿಂದಲೇ ಕಟ್ಟುವುದು.

ಕಟ್ಟೋದು ಕಷ್ಟ ಆಗಲಿಲ್ಲ. ಹಳೇ ಪ್ಲಾನ್‌ಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿರೋ ಪುಣ್ಯಾತ್ಮರಿದ್ದಾರೆ, ಹರಿದುಹೋಗಿದ್ದ ರೆಕ್ಕೆಯ ನಕ್ಷೆ ಅಲ್ಲಿ ಸಿಕ್ಕಿತು. ಅದನ್ನು ಅಳತೆಗೆ ಸರಿಯಾಗಿ ಪ್ರಿಂಟ್ ಮಾಡಿ, ಬಾಲ್ಸಾ ಅನ್ನೋ ಹಗುರ ಮರದ ಹಲಗೆಯ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಕತ್ತರಿಸಿದೆವು. ಒಂದು ಮಾತು ಮಾತ್ರ ನೆನಪಿಡಿ, ಮರದ ಎಳೆ ರೆಕ್ಕೆಯ ಮುಂದಿನ ಅಂಚಿಗೆ ಸಮನಾಗಿ ಇರಬೇಕು. ಅಡ್ಡ ಇದ್ದರೆ ನೆಲಕ್ಕೆ ಬಿದ್ದ ಕೂಡಲೇ ಚಟ್ ಅಂತ ಮುರಿಯುತ್ತದೆ. ಕೊಳವೆ ಕೊಳ್ಳುವಾಗಲೂ ಹುಷಾರಾಗಿರಿ. ಎಸ್ಟೆಸ್‌ನ ಬಿಟಿ-50 ಕೊಳವೆಯ ಹೊರಗಿನ ಅಗಲ 0.976 ಇಂಚು, ಫೀನಿಕ್ಸ್‌ನಲ್ಲೇ ಹುಟ್ಟಿದ್ದ ಸೆಂಚುರಿ ಕಂಪನಿಯ ಎಸ್‌ಟಿ-10 ಕೊಳವೆಯದು 1.04 ಇಂಚು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಒಂದರ ಮೂತಿ ಇನ್ನೊಂದಕ್ಕೆ ಕೂರಲ್ಲ. ನಾನು ತಪ್ಪು ಕೊಳವೆ ತರಿಸಿ ಒಂದು ವಾರ ಕಳೆದುಕೊಂಡೆ. ಗ್ಲೈಡರನ್ನು ಮಾತ್ರ ನಾಲ್ಕು ಸಂಜೆ ಹುಲ್ಲಿನ ಮೇಲೆ ಕೈಯಲ್ಲಿ ಎಸೆದು ನೋಡಿದೆವು. ಮುಗ್ಗರಿಸಿದರೆ ಮೂತಿಗೆ ತೂಕಕ್ಕೆ ಮೆತ್ತಿದ್ದ ಜೇಡಿಯಲ್ಲಿ ಒಂದು ಚೂರು ತೆಗೆಯೋದು, ತಲೆ ಎತ್ತಿ ನಿಂತುಬಿಟ್ಟರೆ ಒಂದು ಚೂರು ಮೆತ್ತೋದು. ಮಗಳಿಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಅದು.

ತೊಂದರೆ ಬಂದದ್ದು ಮೋಟಾರಿನಲ್ಲಿ.

ಮೊದಲ ಸಲ ಸಿ6-3 ಹಾಕಿದೆವು. ಇದರ ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಕ್ಷರ ಅಂದರೆ ಒಟ್ಟು ಶಕ್ತಿ, ಸಿ ಅಂದರೆ ಹೆಚ್ಚೆಂದರೆ 10 ನ್ಯೂಟನ್-ಸೆಕೆಂಡ್. ಮಧ್ಯದ ಅಂಕಿ ಸರಾಸರಿ ತಳ್ಳುವ ಬಲ, ನ್ಯೂಟನ್ ಲೆಕ್ಕದಲ್ಲಿ. ಕೊನೆಯದು ಮದ್ದು ಮುಗಿದ ಮೇಲೆ ಪ್ಯಾರಾಚೂಟ್ ಹೊರಗೆ ತಳ್ಳೋಕೆ ಎಷ್ಟು ಸೆಕೆಂಡ್ ತಡ ಅನ್ನೋದು. ಸರಾಸರಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಇಷ್ಟು ಬಾಲ್ಸಾ ಹೊತ್ತ ಭಾರದ ರಾಕೆಟ್ಟಿಗೆ ಬೇಕಾಗಿರೋದು ಮೊದಲ ಅರೆ ಸೆಕೆಂಡಿನ ಒದೆತ. ನೆಟ್ಟಗೆ ಹೊರಡಲಿ ಅಂತ ರಾಕೆಟ್ಟನ್ನು ನಿಲ್ಲಿಸೋ ರಾಡ್ ಬಿಡುವಷ್ಟರಲ್ಲಿ ವೇಗ ಬಂದಿರದಿದ್ದರೆ ಬಾಲದ ಫಿನ್‌ಗಳಿಗೆ ಗಾಳಿಯ ಹಿಡಿತ ಸಿಗಲ್ಲ. ನಮ್ಮದು ರಾಡ್ ಬಿಟ್ಟಿದ್ದೇ ಗಾಳಿಯ ಕಡೆಗೆ ವಾಲಿತು. "ಅಪ್ಪಾ, ಇಷ್ಟು ನಿಧಾನಕ್ಕೆ ಹೋಗ್ತಿದೆಯಲ್ಲ, ಬೀಳತ್ತಾ?" ಅಂದಳು ಮಗಳು. ಬೀಳಲಿಲ್ಲ, ಆದರೆ ಪ್ಯಾರಾಚೂಟ್ ಬಿಚ್ಚಿದ್ದು ನೆಲಕ್ಕೆ ತೀರಾ ಹತ್ತಿರದಲ್ಲಿ.

ಹಳೇ ಕ್ಯಾಟಲಾಗಿನಲ್ಲಿ ಬಿ14 ನೋಡಿದಾಗ ಅಜ್ಜನ ಖಾಲಿ ಕೊಳವೆಯ ಬೆಲೆ ಗೊತ್ತಾಯಿತು. ಶಕ್ತಿ ಸಿ ಮೋಟಾರಿನ ಅರ್ಧ, ಆದರೆ ಸರಾಸರಿ ಬಲ 14. ಮದ್ದಿನ ನಡುವೆ ಆಳವಾದ ತೂತು ಇರುತ್ತಿತ್ತು, ಹಾಗಾಗಿ ಹೊತ್ತಿದ ತಕ್ಷಣ ಜಾಸ್ತಿ ಮೈ ಒಟ್ಟಿಗೇ ಉರಿದು ರಾಕೆಟ್ಟನ್ನು ಎತ್ತಿ ಒಗೆಯುತ್ತಿತ್ತು. ಅದು ನಿಂತುಹೋಗಿ ದಶಕಗಳೇ ಆಗಿವೆ.

ಮನೆಯಲ್ಲಿ ಮಾಡಿಕೊಳ್ಳಬಾರದಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಈ ಹವ್ಯಾಸ ಹರಡಿದ್ದೇ ಹುಡುಗರು ಮನೆಯಲ್ಲಿ ಮದ್ದು ತುಂಬಿ ಕೈ ಕಳೆದುಕೊಳ್ಳಬಾರದು ಅಂತ. 1954ರಲ್ಲಿ ನೆಬ್ರಾಸ್ಕಾದ ನಾರ್ಫೋಕ್‌ನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್, ಮೋಟಾರ್ ಬದಲಾಯಿಸಿ ಮತ್ತೆ ಮತ್ತೆ ಹಾರಿಸಬಹುದಾದ ರಾಕೆಟ್ ಮಾಡಿದರು. ರಾಕೆಟ್ ಎಂಜಿನಿಯರೂ ಲೇಖಕರೂ ಆಗಿದ್ದ ಜಿ. ಹ್ಯಾರಿ ಸ್ಟೈನ್ ಅದನ್ನು ಜನರ ಮುಂದೆ ತಂದರು. ಆಮೇಲೆ ಎಸ್ಟೆಸ್ ಕಂಪನಿಯ ಸ್ಥಾಪಕ ವರ್ನ್ ಎಸ್ಟೆಸ್, ಕೊಳವೆಯೊಳಗೆ ಮದ್ದು ಒತ್ತಿ ಮೋಟಾರ್ ಮಾಡೋಕೆ 'ಮೇಬಲ್' ಅನ್ನೋ ಯಂತ್ರವನ್ನೇ ಕಟ್ಟಿದರು. ಬೆಂಕಿ ಹೊರಬರೋ ಜೇಡಿಯ ನಾಜಲ್, ಕರಿಮದ್ದು, ತಡದ ಪದರ, ಪ್ಯಾರಾಚೂಟ್ ಹೊರಗೆ ತಳ್ಳೋ ಮದ್ದು, ಎಲ್ಲ ಒಂದೇ ಕೊಳವೆಯಲ್ಲಿ, ಪ್ರತಿ ಸಲ ಒಂದೇ ಥರ. ಕಿಟ್ಟನ್ನು ಅಡುಗೆಮನೆ ಮೇಜಿನ ಮೇಲೆ ಮತ್ತೆ ಹುಟ್ಟಿಸಬಹುದು. ಮೋಟಾರಿಗೆ ಕಾರ್ಖಾನೆಯವರು ಮನಸ್ಸು ಮಾಡೋವರೆಗೂ ಕಾಯಬೇಕು, ಅಷ್ಟೇ.

ನನಗೆ ಆ ತಾಳ್ಮೆ ಇರಲಿಲ್ಲ. ಡಬ್ಬದಲ್ಲಿದ್ದ ಒಂದು ಹಳೇ ಸಿ ಮೋಟಾರ್ ಹಾಕಿಬಿಟ್ಟೆ. ನೋಡೋಕೆ ಹೊಸದರ ಹಾಗೇ ಇತ್ತು. ಗುಂಡಿ ಒತ್ತಿದೆ, ಢಂ ಅಂತು, ರಾಡಿನ ಮೇಲೇ ಎಲ್ಲ ಚೂರು. ನಾವು ಹದಿನೈದು ಅಡಿ ದೂರದಲ್ಲಿದ್ದೆವು, ಬಕೆಟ್ಟಿನಲ್ಲಿ ನೀರಿತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಮಗಳು ವಾಪಸ್ ಬರೋ ದಾರಿಯುದ್ದಕ್ಕೂ ಮಾತಾಡಲಿಲ್ಲ. ಫೀನಿಕ್ಸ್‌ನ ಗ್ಯಾರೇಜು ಬೇಸಿಗೆಯಲ್ಲಿ ಒಲೆ ಇದ್ದ ಹಾಗೆ. ವರ್ಷ ವರ್ಷ ಕಾದು ತಣಿದು, ಮದ್ದು ಕೊಳವೆಯ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಯಲ್ಲಿ ಬೆಂಕಿ ಒಮ್ಮೆಲೇ ಹರಡಿದರೆ ಒತ್ತಡ ತಡೆಯದೆ ಒಡೆಯುತ್ತದೆ. ಮೋಟಾರ್ ಮಾಡಿದವರ ತಪ್ಪಲ್ಲ, ಅದನ್ನು ಹೊತ್ತಿಸಿದ ನನ್ನದು. ಉಳಿದವನ್ನೆಲ್ಲ ಅವತ್ತೇ ಬಕೆಟ್ ನೀರಿಗೆ ಹಾಕಿ, ಪೂರ್ತಿ ಕರಗಿ ಬಿಚ್ಚಿಹೋಗೋವರೆಗೂ ಬಿಟ್ಟೆ.

ಎರಡನೇ ರಾಕೆಟ್ ಕಟ್ಟಿ ಕಪಾಟಿನ ಮೇಲಿಟ್ಟು ಕಾದೆವು. ಸಿ5-3 ಅಂತ ಒಂದಿತ್ತು, ಭಾರದ ರಾಕೆಟ್ಟಿಗೇ ಹೇಳಿ ಮಾಡಿಸಿದ್ದು, ಅದೂ ಎಷ್ಟೋ ವರ್ಷ ನಿಂತುಹೋಗಿತ್ತು. ಎಸ್ಟೆಸ್‌ನವರು ಅದನ್ನು ಮತ್ತೆ ತಂದರು. ಸರಾಸರಿ ಅಂಕಿ ಸಿ6ಕ್ಕಿಂತ ಕಡಿಮೆ, ಆದರೆ ಮೊದಲ ಒದೆತ ಸಿ6ರ 14 ನ್ಯೂಟನ್ ಎದುರು ಇಪ್ಪತ್ತನ್ನು ದಾಟುತ್ತದೆ. ಬಂತು ಅಂತ ತಿಳಿದ ದಿನವೇ ಮೂರು ಪ್ಯಾಕೆಟ್ ತರಿಸಿದೆ. ಅಷ್ಟರಲ್ಲಿ ಮಗಳು ಹೈಸ್ಕೂಲು ಸೇರಿದ್ದಳು.

ಡಿಸೆಂಬರಿನ ಒಂದು ಬೆಳಿಗ್ಗೆ, ಗಾಳಿ ಇಲ್ಲ. ಈ ಸಲ ಗುಂಡಿ ಅವಳ ಕೈಯಲ್ಲಿತ್ತು. ರಾಕೆಟ್ ರಾಡ್ ಬಿಟ್ಟು ನೆಟ್ಟಗೆ ಹೋಯಿತು, ಒಂಚೂರೂ ವಾಲಲಿಲ್ಲ. ಮೇಲೆ ಟಪ್ ಅಂತ ಸದ್ದು, ಪ್ಯಾರಾಚೂಟ್ ಅರಳಿತು, ಬಿಳೀ ಗ್ಲೈಡರ್ ಬೇರೆಯಾಗಿ ಎಡಕ್ಕೆ ದೊಡ್ಡ ಸುತ್ತು ಹೊಡೆಯತೊಡಗಿತು. ಅವಳು ಅದರ ಕೆಳಗೇ ಓಡಿದಳು. ಅಜ್ಜನಿಗೆ ವಿಡಿಯೋ ಕಳಿಸಿದೆ. ಗ್ಲೈಡರಿನ ಮೂತಿಗೆ ಎಷ್ಟು ಜೇಡಿ ಹಾಕಿದಿರಿ ಅಂತ ಕೇಳಿ ಉತ್ತರ ಬಂತು.