ಹಿಂದಿನಿಂದ ತಬ್ಬಿದರೆ ಮೊದಲು ಸೊಂಟ, ಆಮೇಲೆ ಏಟು

ಹುಡುಗಿಯರ ಆತ್ಮರಕ್ಷಣೆ ತರಗತಿಗಳಲ್ಲಿ ಹೇಳುವುದು ಇಷ್ಟೇ: ಹಿಂದಿನಿಂದ ತಬ್ಬಿದವನಿಗೆ ತಲೆಯಿಂದ ಗುದ್ದು, ಹಿಮ್ಮಡಿಯಿಂದ ಪಾದ ತುಳಿ. ಮುಂಬೈ ಹತ್ತಿರದ ಡೊಂಬಿವಲಿಯ ಬಾಡಿಗೆ ಹಾಲ್‌ನಲ್ಲಿ ನಾನೂ ಮೂರು ವರ್ಷ ಇದನ್ನೇ ಹೇಳಿಕೊಟ್ಟೆ. ಹಿಡಿದವನು ಸುಮ್ಮನೆ ನಿಂತಷ್ಟು ಹೊತ್ತು ಎಲ್ಲ ಸರಿ. ‘ಎಳೆದುಕೊಂಡು ಹೋಗು’ ಎಂದಾಗ ಹತ್ತರಲ್ಲಿ ಎರಡು ಸಲ ಬಿಡಿಸಿಕೊಂಡರೆ ಹೆಚ್ಚು. ಅವನು ಕೆನ್ನೆಯನ್ನು ನಿಮ್ಮ ಬೆನ್ನಿಗೊತ್ತಿದರೆ ತಲೆಗೆ ಸಿಗುವುದು ಬರೀ ಗಾಳಿ. ಶೂ ಹಾಕಿದವನಿಗೆ ಚಪ್ಪಲಿ ಕಾಲಿನ ತುಳಿತ ತಾಗುವುದೂ ಅಷ್ಟಕ್ಕಷ್ಟೇ.

ಈಗ ಮಾಡಿಸುವುದು ಹೀಗೆ. ತೋಳುಗಳ ಮೇಲಿನಿಂದ ತಬ್ಬಿದ ಕೂಡಲೇ ಕರಾಟೆಯ ಕಿಬಾ ದಾಚಿಗಿಂತ (ಕುದುರೆ ಸವಾರನಂತೆ ಕಾಲಗಲಿಸಿ ಮೊಣಕಾಲು ಬಾಗಿಸಿದ ನಿಲುವು) ಒಂದು ಗೇಣು ಕೆಳಗೆ ಕುಸಿಯಬೇಕು, ಮೊಣಕೈ ಹೊರಕ್ಕೆ. ಎರಡೂ ಕೈ ಅವನ ಮುಂಗೈಗೆ ಕೊಕ್ಕೆ ಹಾಕಿರಲಿ, ಇಲ್ಲದಿದ್ದರೆ ಹಿಡಿತ ಮೇಲಕ್ಕೆ ಜಾರಿ ಕುತ್ತಿಗೆಗೆ ಬರುತ್ತದೆ. ಸೊಂಟ ಬಲಕ್ಕೆ ಸರಿದರೆ ಎಡಗೈಗೆ ಅವನ ತೊಡೆಸಂದು ಸಿಗುತ್ತದೆ. ಮೊದಲ ಏಟು ಅಲ್ಲಿಗೆ. ಸಡಿಲಾದೊಡನೆ ತಿರುಗಿ ಮೊಣಕೈ, ಆಮೇಲೆ ಓಟ. ಎತ್ತಲು ನೋಡಿದರೆ ಒಂದು ಪಾದವನ್ನು ಅವನ ಮೊಣಕಾಲ ಹಿಂದೆ ಸಿಕ್ಕಿಸಿ. ಎತ್ತಿದರೂ ಹೆಜ್ಜೆ ಇಡಲಾರ.

‘ಕುಸಿದರೆ ಕೆಳಗೇ ಬೀಳುತ್ತಾಳೆ’ ಎಂದು ಹಿರಿಯ ಮಾಸ್ಟರುಗಳು ನಕ್ಕಿದ್ದರು. ಐವತ್ತು ಕಿಲೋ ಹುಡುಗಿ ಎಂಬತ್ತು ಕಿಲೋದವನ ಕೈಯಿಂದ ಹತ್ತಕ್ಕೆ ಏಳು ಸಲ ಜಾರಿಕೊಂಡ ಮೇಲೆ ಅವರಲ್ಲೇ ಇಬ್ಬರು ಬಂದು ಕುಸಿದು ನೋಡಿದರು.

ನಿಮ್ಮ ತೋಳು ಹಿಡಿತದ ಹೊರಗಿದ್ದರೆ ಅವನ ಬೆರಳು ಬಿಡಿಸುವುದೇ ಸುಲಭ. ಒಂದೇ ಬೆರಳು, ಕಿರುಬೆರಳಾದರೆ ಒಳ್ಳೆಯದು; ಎರಡು ಸೇರಿಸಿ ಎಳೆದರೆ ಅವನದೇ ಗೆಲುವು. ಬಿಗಿ ಮುಷ್ಟಿಯಿಂದ ಆ ಬೆರಳನ್ನು ಎಬ್ಬಿಸುವುದಕ್ಕೊಂದು ಉಪಾಯ ಇದೆ, ಅದು ಹಾಲ್‌ಗೆ ಬಂದವರಿಗೆ ಮಾತ್ರ.

ಕುತ್ತಿಗೆಗೆ ತೋಳು ಸುತ್ತಿದರೆ ‘ಗದ್ದ ಒಳಗೆ’ ಎಂದಷ್ಟೇ ಹೇಳಿಕೊಡುವವರ ಮೇಲೆ ನನಗೆ ಸಿಟ್ಟು. ಮುಂಗೈ ಆಗಲೇ ಗದ್ದದ ಕೆಳಗಿದ್ದರೆ ಗದ್ದ ಎಲ್ಲಿಗೆ ಹೋಗಬೇಕು? ಮೊದಲು ಎರಡೂ ಕೈಯಿಂದ ಆ ತೋಳನ್ನು ಎದೆಗೆ ಜಗ್ಗಬೇಕು, ಹೆಬ್ಬೆರಳೂ ಉಳಿದ ಬೆರಳುಗಳ ಜೊತೆಗೇ. ಹೆಗಲು ಮೇಲೆ. ಸಂದು ಸಿಕ್ಕಾಗ ಗದ್ದ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಹತ್ತು ಸೆಕೆಂಡಿನೊಳಗೇ ಪ್ರಜ್ಞೆ ಹೋಗಬಹುದು. ಅಭ್ಯಾಸದಲ್ಲಿ ಯಾರೂ ಬಿಗಿಯಬೇಡಿ, ಜೊತೆಗಾರರು ಕೈ ತಟ್ಟಿದ ಕೂಡಲೇ ಬಿಡಿ.

ದುಡ್ಡು ಹಾಳಾದದ್ದು ಸೆಯೋಯಿ ನಾಗೆಯಲ್ಲಿ, ಅಂದರೆ ಹಿಂದಿದ್ದವನನ್ನು ಹೆಗಲ ಮೇಲಿಂದ ಎಸೆಯುವ ಜೂಡೋ ಪಟ್ಟಿನಲ್ಲಿ. ಅವನ ಭಾರ ಮುಂದಕ್ಕೆ ಬಾರದೆ ಎಸೆತ ಏಳುವುದಿಲ್ಲ, ಎದ್ದರೂ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. 20 ಮಿ.ಮೀ. ಜಿಗ್‌ಸಾ ಮ್ಯಾಟಿಗೆ ಹನ್ನೆರಡು ಸಾವಿರದಷ್ಟು ಸುರಿದೆ. ಎಸೆತಕ್ಕೆ 40 ಬೇಕಿತ್ತು. ಈಗ ಅದರ ಮೇಲೆ ಕುಸಿಯುವುದನ್ನಷ್ಟೇ ಮಾಡಿಸುತ್ತೇನೆ.

ಮಳೆಗಾಲದಲ್ಲಿ ರೇನ್‌ಕೋಟ್ ಹಾಕಿಸಿಯೂ ನೋಡಿದೆ. ಒದ್ದೆ ಪ್ಲಾಸ್ಟಿಕ್ಕಿನೊಳಗೆ ಮೈ ತಿರುಗಿಸುವುದು ಬೆಣ್ಣೆಯಷ್ಟು ಸಲೀಸು, ಆದರೆ ಬೆರಳು ಹಿಡಿತಕ್ಕೇ ಸಿಗದು. ಬೆನ್ನಿಗೆ ಬ್ಯಾಗ್ ಇದ್ದರೆ ತೊಡೆಸಂದು ಕೈಗೆಟುಕುವುದಿಲ್ಲ. ಪಟ್ಟಿಯಿಂದ ಒಂದು ತೋಳು ಬಿಡಿಸಿಕೊಂಡು ಬ್ಯಾಗನ್ನು ಅವನಿಗೇ ಬಿಟ್ಟು ಹೋಗುವುದು ಬೇಗ.